ನೆರೆ ನೀರು ನುಗ್ಗಿದ ಕಾರನ್ನು ಉಳಿಸಿಕೊಳ್ಳುವುದು ಹೇಗೆ: ಮೊದಲ ನಿಮಿಷದಿಂದ ಮೂರನೇ ತಿಂಗಳವರೆಗೆ

ನೀರು ತುಂಬಿದ ರಸ್ತೆಯ ನಡುವೆ ಕಾರು ಆಫ್ ಆದರೆ ಕೈ ತಾನಾಗಿಯೇ ಕೀ ಕಡೆ ಹೋಗುತ್ತದೆ. ಒಂದೇ ಒಂದು ಸಲ ಸೆಲ್ಫ್ ಹೊಡೆದು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಮುಂದೆ ಹೇಳುವುದು ಬೇಕಾದಷ್ಟಿದೆ. ಅದರಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರಲ್ಲಿ ನಿಂತುಹೋದ ಎಂಜಿನ್ ಅನ್ನು ಅಲ್ಲೇ ಮತ್ತೆ ಸ್ಟಾರ್ಟ್ ಮಾಡಬಾರದು. ಎಷ್ಟೋ ಕಾರುಗಳು ಕೆಟ್ಟಿದ್ದು ನೀರಿನಿಂದಲ್ಲ, ನೀರಿನ ನಂತರದ ಅವಸರದಿಂದ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಹಿಂಡುತ್ತದೆ. ಗಾಳಿ ಹಿಂಡಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. 1.6 ಲೀಟರಿನ 4 ಸಿಲಿಂಡರ್ ಡೀಸೆಲ್ ಎಂಜಿನ್ ಅಂದುಕೊಳ್ಳಿ. ಒಂದೊಂದು ಸಿಲಿಂಡರ್ 400 ಮಿಲಿ. ಕಂಪ್ರೆಶನ್, ಅಂದರೆ ಗಾಳಿಯನ್ನು ಹಿಂಡುವ ಪ್ರಮಾಣ, 16ಕ್ಕೆ 1 ಇದ್ದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 27 ಮಿಲಿ. ಕೆಮ್ಮಿನ ಸಿರಪ್ಪಿನ ಜೊತೆ ಬರುವ 10 ಮಿಲಿ ಮುಚ್ಚಳದಲ್ಲಿ ಮೂರು ಸಲ ಅಳೆದು ಹಾಕಿದಷ್ಟು ನೀರು ಒಳಗೆ ಹೋದರೂ ಪಿಸ್ಟನ್ನಿಗೆ ಜಾಗವಿಲ್ಲ. ಆದರೂ ಸ್ಟಾರ್ಟರ್ ಮೋಟಾರ್ ಅದನ್ನು ಮೇಲಕ್ಕೆ ನೂಕುತ್ತದೆ. ಆಗ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಇದನ್ನೇ ಹೈಡ್ರೋಲಾಕ್ ಅನ್ನುವುದು. ಪೆಟ್ರೋಲ್ ಎಂಜಿನ್‌ನಲ್ಲಿ ಈ ಜಾಗ ಸ್ವಲ್ಪ ಜಾಸ್ತಿ, ಅಷ್ಟೇ. ಕತೆ ಬೇರೆಯಲ್ಲ.

ಕಾರನ್ನು ತಳ್ಳಿ, ಗೇರ್ ಹಾಕಿ ಸ್ಟಾರ್ಟ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಸ್ಟಾರ್ಟರ್ ಮೋಟಾರಿಗಾದರೂ ಒಂದು ಮಿತಿ ಇದೆ, ಓಡುತ್ತಿರುವ ಕಾರಿನ ತೂಕಕ್ಕೆ ಅದೂ ಇಲ್ಲ.

ಇನ್ನೂ ನೀರಿನಲ್ಲೇ ಇದ್ದರೆ

ಮೊದಲು ಜನ, ಆಮೇಲೆ ಕಾರು. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೇ ಸಣ್ಣ ಕಾರುಗಳ ತಳ ಮುಟ್ಟುತ್ತದೆ, ಹಿಡಿತ ತಪ್ಪಬಹುದು. 30 ಸೆಂಟಿಮೀಟರಿಗೆ ಹಲವು ಕಾರುಗಳು ತೇಲಲು ಶುರು ಮಾಡುತ್ತವೆ. 60 ಸೆಂಟಿಮೀಟರ್ ನೀರು ರಭಸವಾಗಿ ಹರಿಯುತ್ತಿದ್ದರೆ ಎಸ್‌ಯುವಿಯೂ ಕೊಚ್ಚಿಹೋಗುತ್ತದೆ. ನೀರು ಏರುತ್ತಿದ್ದರೆ ಸೀಟ್ ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ, ಹೊರಗೆ ಬನ್ನಿ. ಹೊರಗಿನ ನೀರು ಬಾಗಿಲನ್ನು ಒತ್ತಿ ಹಿಡಿದ ಮೇಲೆ ಅದನ್ನು ತೆರೆಯಲು ಗಟ್ಟಿಮುಟ್ಟಾದವರಿಗೂ ಆಗುವುದಿಲ್ಲ. ಬ್ಯಾಗು, ಫೈಲು ಎಂದು ಹುಡುಕುತ್ತಾ ಕೂರಬೇಡಿ.

ನೀರು ನಿಂತಿದೆ, ಏರುತ್ತಿಲ್ಲ, ಅಪಾಯವಿಲ್ಲ ಎನ್ನುವ ಹಾಗಿದ್ದರೆ ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ನಾಲ್ಕು ಜನ ಸೇರಿ ಎತ್ತರದ ಜಾಗಕ್ಕೆ ತಳ್ಳಿ.

ಓಡುತ್ತಲೇ ಹೊರಗೆ ಬಂದ ಕಾರು

ಇದು ಅದೃಷ್ಟದ ಕಾರು, ಆದರೂ ಸುಮ್ನೆ ಮನೆಗೆ ಹೋಗಿ ನಿಲ್ಲಿಸಬೇಡಿ. ಬ್ರೇಕ್ ಒದ್ದೆಯಾಗಿರುತ್ತದೆ. ಹಿಂದೆ ಯಾರೂ ಇಲ್ಲದ ಕಡೆ, ನಿಧಾನವಾಗಿ ಹೋಗುತ್ತಾ, ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಐದಾರು ಸಲ ಒತ್ತಿ. ಡಿಸ್ಕ್ ಬೇಗ ಒಣಗುತ್ತದೆ. ಹಿಂದಿನ ಡ್ರಮ್ ಒಳಗೆ ನೀರು ಮತ್ತು ರಾಡಿ ಎರಡೂ ಉಳಿದುಕೊಳ್ಳುತ್ತವೆ, ಅದಕ್ಕೆ ಜಾಸ್ತಿ ಹೊತ್ತು ಬೇಕು.

ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಒದ್ದೆ ಡ್ರಮ್ಮಿಗೆ ಬ್ರೇಕ್ ಶೂ ರಾತ್ರಿಯಿಡೀ ಒತ್ತಿಕೊಂಡಿದ್ದರೆ ಬೆಳಿಗ್ಗೆ ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಇಷ್ಟಾದ ಮೇಲೆ ಬಾನೆಟ್ ಎತ್ತಿ ಏರ್ ಫಿಲ್ಟರ್ ನೋಡಿ. ರೇಡಿಯೇಟರ್ ಮುಂದೆ ಎಲೆ, ಪ್ಲಾಸ್ಟಿಕ್, ಕೆಸರು ಅಂಟಿದ್ದರೆ ಕಡಿಮೆ ರಭಸದ ನೀರಿನಲ್ಲಿ ತೊಳೆಯಿರಿ. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ನೀರು ಚಕ್ರದ ನಡುಮಟ್ಟಕ್ಕಿಂತ ಮೇಲೆ ಬಂದಿತ್ತು ಎಂದಾದರೆ, ಕಾರು ಚೆನ್ನಾಗಿ ಓಡುತ್ತಿದ್ದರೂ ಮುಂದೆ ಹೇಳಿರುವ ಗೇರ್ ಎಣ್ಣೆ ಮತ್ತು ಬೇರಿಂಗ್ ಪರೀಕ್ಷೆ ಬಿಡಬೇಡಿ.

ನಿಂತುಹೋದ ಅಥವಾ ಮುಳುಗಿದ್ದ ಕಾರು: ಮೊದಲ ಒಂದು ಗಂಟೆ

ತೊಳೆಯುವ ಮೊದಲು ಫೋಟೋ ತೆಗೆಯಿರಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತೋರಿಸುವ ಕೆಸರಿನ ಗೆರೆ ಬಾಗಿಲಿನ ಮೇಲೆ, ಸೀಟಿನ ಮೇಲೆ, ಬಾನೆಟ್ ಒಳಗೆ ಇರುತ್ತದೆ. ಆ ಗೆರೆಯೇ ಮುಂದಿನ ಎಲ್ಲ ತೀರ್ಮಾನಕ್ಕೂ ಆಧಾರ. ವಿಮೆ ಕಂಪನಿಗೆ ಆಗಲೇ ತಿಳಿಸಿ, ಅವರ ಒಪ್ಪಿಗೆ ಬರುವ ತನಕ ಏನನ್ನೂ ಬಿಚ್ಚಿಸಬೇಡಿ. ಒಂದು ವಿಷಯ ಗಮನಿಸಿ: ನೀರಲ್ಲಿ ನಿಂತ ಎಂಜಿನ್ ಅನ್ನು ಸ್ಟಾರ್ಟ್ ಮಾಡಲು ಹೋಗಿ ಕೆಟ್ಟರೆ ಅದು ಮಾಲೀಕರೇ ಮಾಡಿಕೊಂಡ ಹಾನಿ ಎಂದು ಹಲವು ಪಾಲಿಸಿಗಳು ಪರಿಗಣಿಸುತ್ತವೆ. ಎಂಜಿನ್ನಿಗೆ ಬೇರೆಯೇ ರಕ್ಷಣೆ ತೆಗೆದುಕೊಂಡಿದ್ದೀರಾ ಎಂದು ಪಾಲಿಸಿ ತೆಗೆದು ನೋಡಿ.

ಆಮೇಲೆ ಬ್ಯಾಟರಿ. ಅದನ್ನು ಬಿಚ್ಚುವ ಮೊದಲು ಮೂರು ಕೆಲಸ ಮುಗಿಸಿಕೊಳ್ಳಿ: ಕಿಟಕಿಗಳನ್ನು ಸ್ವಲ್ಪ ಇಳಿಸಿ, ಡಿಕ್ಕಿ ತೆರೆದಿಡಿ, ಆಟೋಮ್ಯಾಟಿಕ್ ಗೇರ್ ಇದ್ದರೆ ನ್ಯೂಟ್ರಲ್‌ಗೆ ತಂದು ಚಕ್ರಕ್ಕೆ ಕಲ್ಲು ಕೊಡಿ. ಕರೆಂಟ್ ಹೋದ ಮೇಲೆ ಇವು ಯಾವುವೂ ಸುಲಭವಾಗಿ ಆಗುವುದಿಲ್ಲ. ನಂತರ ಮೊದಲು ಮೈನಸ್ ತುದಿ ಬಿಚ್ಚಿ, ಅದು ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ನೀರು ಮತ್ತು ಕರೆಂಟ್ ಒಟ್ಟಿಗಿದ್ದರೆ ಕನೆಕ್ಟರುಗಳ ಪಿನ್ನುಗಳು ಗಂಟೆಗಳಲ್ಲೇ ತಿಂದುಹೋಗುತ್ತವೆ. ಕರೆಂಟ್ ಇಲ್ಲದಿದ್ದರೆ ಅದೇ ಕೆಲಸಕ್ಕೆ ದಿನಗಟ್ಟಲೆ ಬೇಕು. ನಿಮಗೆ ಸಿಗುವ ಸಮಯ ಅದೇ.

ಸಾಗಿಸಲು ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕೇಳಿ. ಆಟೋಮ್ಯಾಟಿಕ್ ಕಾರನ್ನೋ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರನ್ನೋ ಹಗ್ಗ ಕಟ್ಟಿ ಎಳೆದರೆ ಗೇರ್ ಬಾಕ್ಸ್ ಹಾಳಾಗುವ ಸಂಭವ ಇದೆ.

ಎಂಜಿನ್: ನೋಡುವುದು ಹೇಗೆ

ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಕಾಗದದ ಫಿಲ್ಟರ್ ಒಣಗಿದೆ, ಡಬ್ಬಿಯ ತಳದಲ್ಲಿ ನೀರಿಲ್ಲ, ಮುಂದಿನ ಪೈಪಿನೊಳಗೆ ಬೆರಳಾಡಿಸಿದರೆ ಪಸೆ ಇಲ್ಲ ಎಂದಾದರೆ ಒಳ್ಳೆಯ ಸೂಚನೆ. ಫಿಲ್ಟರ್ ಮೆತ್ತಗಾಗಿ ಅದರಲ್ಲಿ ಮಣ್ಣಿನ ಗೆರೆ ಕಂಡರೆ ನೀರು ಒಳಗೆ ಹೋಗಿರಬಹುದು ಎಂದೇ ಇಟ್ಟುಕೊಳ್ಳಿ. ಟರ್ಬೊ ಇರುವ ಕಾರಿನಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಅದರ ಪೈಪುಗಳು ಕೆಳಮಟ್ಟದಲ್ಲಿರುತ್ತವೆ. ಫಿಲ್ಟರ್ ಒಣಗಿದ್ದರೂ ಅಲ್ಲಿ ನೀರು ಕೂತಿರಬಹುದು.

ಈಗ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬಿಳಿ ಕಾಗದದ ಮೇಲೆ ಒರೆಸಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ ಬಂದಿದೆಯೇ, ಮಟ್ಟ ಇರಬೇಕಾದ ಗೆರೆಗಿಂತ ಮೇಲಿದೆಯೇ ನೋಡಿ. ಎರಡರಲ್ಲಿ ಒಂದಿದ್ದರೂ ಎಣ್ಣೆಗೆ ನೀರು ಸೇರಿದೆ. ಎಂಜಿನ್ ಓಡಿಸದೇ ನಿಂತಿದ್ದರೆ ಮಾತ್ರ ಬಣ್ಣ ಬದಲಾಗದೇ ಇರಬಹುದು, ಯಾಕೆಂದರೆ ನೀರು ಭಾರ, ಅದು ಎಣ್ಣೆಯ ಕೆಳಗೆ ಹೋಗಿ ಕೂರುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ಚೆನ್ನಾಗಿ ಕಂಡಿತು ಅಂತ ನಿಶ್ಚಿಂತೆ ಬೇಡ. ಕಾರಿನ ಕೆಳಗೆ ಡ್ರೇನ್ ನಟ್ಟನ್ನು ನಿಧಾನವಾಗಿ, ಎಳೆ ಎಳೆಯಾಗಿ ಸಡಿಲಿಸಿ. ನೀರಿದ್ದರೆ ಮೊದಲು ಅದು ತೊಟ್ಟಿಕ್ಕುತ್ತದೆ. ಆಮೇಲೆ ಎಣ್ಣೆಯ ಕಪ್ಪು ಎಳೆ ಬರುತ್ತದೆ. ಇದಕ್ಕಿಂತ ನಂಬಿಕೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಏರ್ ಫಿಲ್ಟರ್ ದಾಟಿ ನೀರು ಹೋಗಿದ್ದರೆ ಮುಂದಿನ ಕೆಲಸ ಮೆಕ್ಯಾನಿಕ್‌ದು. ಏನು ಮಾಡಬೇಕೆಂದು ನಿಮಗೂ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಸರಿಯಾಗಿ ಕೇಳಬಹುದು. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಬೇಕು. ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್. ಹೀಗೆ ದಾರಿ ಮಾಡಿಕೊಟ್ಟ ಮೇಲೆ, ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು (ಎಂಜಿನ್ನಿನ ಮುಖ್ಯ ದಂಡದ ತುದಿಯ ಗಾಲಿ) ಉದ್ದ ಹಿಡಿಯ ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲೂ ಬಿಗಿಯದೆ ತಿರುಗಿದರೆ ಆಮೇಲೆ ಸ್ಟಾರ್ಟರಿನಿಂದ ತಿರುಗಿಸಿ ಉಳಿದ ನೀರು ಹೊರಹಾಕಬಹುದು. ನೀರು ಪಿಚಕಾರಿಯ ಹಾಗೆ ಚಿಮ್ಮುತ್ತದೆ, ಮುಖ ದೂರ ಇರಲಿ. ನಂತರ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದರೆ ಒಳಗೋಡೆ ತುಕ್ಕು ಹಿಡಿಯುವುದಿಲ್ಲ. ಪ್ಲಗ್ ಹಾಕುವ ಮೊದಲು ಕಂಪ್ರೆಶನ್ ಅಳೆಯಲು ಹೇಳಿ. ಮೂರು ಸಿಲಿಂಡರ್ ಒಂದೇ ಥರ ಇದ್ದು ನಾಲ್ಕನೆಯದು ಕಡಿಮೆ ತೋರಿಸಿದರೆ ರಾಡ್ ಬಾಗಿರುವ ಅನುಮಾನ ಇದೆ.

ಸ್ಟಾರ್ಟ್ ಮಾಡುವ ಮೊದಲು ಹೊಸ ಎಣ್ಣೆ, ಹೊಸ ಫಿಲ್ಟರ್. ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಎಣ್ಣೆ ನೋಡಿ, ಕಲಕಿದ ಹಾಗಿದ್ದರೆ ಮತ್ತೆ ಬದಲಿಸಿ. ಎರಡು ಸಲ, ಕೆಲವೊಮ್ಮೆ ಮೂರು ಸಲವೂ ಬದಲಿಸಬೇಕಾಗುತ್ತದೆ. ಈ ಮೊದಲ ಎರಡು ಸಲಕ್ಕೆ ದುಬಾರಿ ಎಣ್ಣೆ ಬೇಡ, ಸರಿಯಾದ ಗ್ರೇಡ್ ಇದ್ದರೆ ಸಾಕು.

ಉಳಿದ ಎಣ್ಣೆಗಳು, ಇಂಧನ, ಸೈಲೆನ್ಸರ್

ಗೇರ್ ಬಾಕ್ಸಿಗೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೂ ಉಸಿರಾಡಲು ಸಣ್ಣ ಬ್ರೀದರ್ ಕೊಳವೆ ಇರುತ್ತದೆ. ಬಿಸಿಯಾಗಿದ್ದ ಗೇರ್ ಬಾಕ್ಸ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ನೀರಲ್ಲಿ ಮುಳುಗಿದ್ದರೆ ಅದು ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಇದು ಓಡುತ್ತಲೇ ಹೊರಬಂದ ಕಾರಿಗೂ ಆಗುತ್ತದೆ. ಅದಕ್ಕೇ ಆಗ ಹೇಳಿದ್ದು. ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆಗೆ ನೀರು ಬೆರೆತರೆ ಗುಲಾಬಿ ಬಣ್ಣದ ಹಾಲಿನ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಒಂದು ಮೀಟರೂ ಓಡಿಸಬೇಡಿ.

ಬ್ರೇಕ್ ಎಣ್ಣೆ ನೀರನ್ನು ತಾನೇ ಹೀರಿಕೊಳ್ಳುವ ಗುಣದ್ದು. ಡಾಟ್ 4 ಎನ್ನುವ ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಎಣ್ಣೆ ಕುದಿದರೆ ಪೆಡಲ್ ಮೆತ್ತಗೆ ಒಳಗೆ ಹೋಗಿಬಿಡುತ್ತದೆ. ನೀರು ಬಾನೆಟ್ ಒಳಗೆ ಬಂದಿದ್ದರೆ ಬ್ರೇಕ್ ಮತ್ತು ಕ್ಲಚ್ ಎಣ್ಣೆ ಎರಡನ್ನೂ ಬದಲಿಸಿಬಿಡಿ.

ಪೆಟ್ರೋಲ್ ಟ್ಯಾಂಕಿನಲ್ಲೂ ನೀರು ತಳಕ್ಕೇ ಹೋಗುತ್ತದೆ, ಪಂಪ್ ಎಳೆಯುವುದೂ ತಳದಿಂದಲೇ. ಟ್ಯಾಂಕ್ ಮಟ್ಟಕ್ಕಿಂತ ಮೇಲೆ ನೀರಿದ್ದರೆ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ತೆಗೆಸಿ ಅರ್ಧ ಗಂಟೆ ಬಿಡಿ, ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಡೀಸೆಲ್ ಕಾರಿನ ಫ್ಯೂಯೆಲ್ ಫಿಲ್ಟರ್ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ, ಅದನ್ನೂ ತೆಗೆಸಿ. ಸೈಲೆನ್ಸರಿನ ನೀರು ಎಂಜಿನ್ ಓಡಿದ ಮೇಲೆ ಹಬೆಯಾಗಿ ತಾನೇ ಹೋಗುತ್ತದೆ.

ಚಕ್ರದ ಬೇರಿಂಗ್ ಕೂಡಲೇ ಸದ್ದು ಮಾಡುವುದಿಲ್ಲ. ಗ್ರೀಸ್ ಒಳಗೆ ಸೇರಿದ ನೀರು ತನ್ನ ಕೆಲಸ ಮಾಡಿ ಕೆಲವು ವಾರಗಳಾದ ಮೇಲೆ ಗುಂಯ್ ಎನ್ನುವ ಸದ್ದು ವೇಗದ ಜೊತೆ ಏರುತ್ತಾ ಬರುತ್ತದೆ.

ಕಾರಿನ ಒಳಗೆ: ಇಲ್ಲಿಯೇ ಜಾಸ್ತಿ ಜನ ಮೋಸಹೋಗುವುದು

ನಮ್ಮ ಮನೆಯ ಕಾರಿಗೆ ಒಂದು ಸಲ ಹೀಗಾಯಿತು. ನೀರು ಒಳಗೆ ಬಂದದ್ದು ನಾಲ್ಕು ಬೆರಳಿನಷ್ಟು. ಗ್ಯಾರೇಜಿನವರು ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಒಣಗಿದೆ ಎಂದು ಕೊಟ್ಟರು. ಕೈಯಿಟ್ಟು ನೋಡಿದೆ, ಕಾರ್ಪೆಟ್ ನಿಜಕ್ಕೂ ಗರಿಗರಿಯಾಗಿತ್ತು. ಮೂರನೇ ವಾರ ಬೆಳಿಗ್ಗೆ ಬಾಗಿಲು ತೆರೆದರೆ ಮುಗ್ಗಲು ವಾಸನೆ, ಗಾಜಿನ ಒಳಗಡೆ ಮಂಜು ಕಟ್ಟಿದೆ. ಚಾಲಕನ ಸೀಟಿನ ಮುಂದೆ ಕಾರ್ಪೆಟ್ ಅಂಚು ಬಿಡಿಸಿ ಒಳಗೆ ಹಳೆಯ ಪೇಪರ್ ತೂರಿಸಿ, ಕಾರ್ಪೆಟ್ ಮೇಲೆ ಹಿಮ್ಮಡಿಯಿಂದ ಒತ್ತಿದೆ. ಪೇಪರ್ ಎಳೆದಾಗ ಅರ್ಧ ಹರಿದು ಕೈಗೆ ಬಂತು. ಉಳಿದದ್ದು ಒದ್ದೆಯಾಗಿ ಅಲ್ಲೇ ಅಂಟಿಕೊಂಡಿತ್ತು.

ಕಾರ್ಪೆಟ್ ಕೆಳಗೆ ಸದ್ದು ತಡೆಯಲು ದಪ್ಪ ಸ್ಪಂಜು ಅಥವಾ ನಾರಿನ ಪದರ ಇರುತ್ತದೆ. ಅದು ಲೀಟರ್‌ಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನಿಂದ ಎಷ್ಟು ಬಿಸಿಲು ಕೊಟ್ಟರೂ ಅದು ಒಣಗುವುದಿಲ್ಲ, ಕೆಳಗೆ ಲೋಹದ ತಳ, ಮೇಲೆ ಕಾರ್ಪೆಟ್, ಗಾಳಿ ಎಲ್ಲಿಂದ ಬರಬೇಕು? ಆದ್ದರಿಂದ ನೀರು ಒಳಗೆ ಬಂದಿದ್ದರೆ ಸೀಟು ಬಿಚ್ಚಿ ಕಾರ್ಪೆಟ್ ಎತ್ತಲೇಬೇಕು. ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು, ಹಾಗಾಗಿ ಇದನ್ನು ಎಂಜಿನ್ ರಿಪೇರಿ ಮುಗಿಯಲಿ ಎಂದು ಕಾಯಿಸಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಾಣುತ್ತದೆ. ಹಳದಿ ಅಂದರೆ ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ಬಿಗಿಯುವ ಯಂತ್ರದ ವೈರು. ಬ್ಯಾಟರಿ ಬಿಚ್ಚಿ ಹತ್ತು ಹದಿನೈದು ನಿಮಿಷ ಕಳೆಯುವ ತನಕ ಅದನ್ನು ಮುಟ್ಟಬೇಡಿ. ಅಭ್ಯಾಸವಿಲ್ಲದಿದ್ದರೆ ಸೀಟು ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ.

ಚರಂಡಿ ನೀರು ಸೇರಿರುವ ಸಾಧ್ಯತೆ ಯಾವಾಗಲೂ ಇದೆ, ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ನೀರು ಎಳೆಯುವ ವ್ಯಾಕ್ಯೂಮ್‌ನಿಂದ ನಿಂತ ನೀರು ತೆಗೆಯಿರಿ. ಕಾರಿನ ತಳದಲ್ಲಿ ರಬ್ಬರ್ ಬಿರಡೆಗಳಿರುತ್ತವೆ, ತೆಗೆದರೆ ಉಳಿದದ್ದು ಇಳಿದುಹೋಗುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಬಾಗಿಲುಗಳ ಕೆಳ ಅಂಚಿನ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಬಾಗಿಲ ಹೊಟ್ಟೆಯಲ್ಲೂ ನೀರು ನಿಂತಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸುರುಳಿಯೊಳಗಿನ ಭಾಗದಲ್ಲಿ ಕೆಸರಿದ್ದರೆ ಯಂತ್ರದೊಳಗೂ ಇದೆ, ಬದಲಿಸಿ.

ಕಾರ್ಪೆಟ್ಟನ್ನು ಸೋಪು ನೀರಿನಲ್ಲಿ ತೊಳೆದು, ಕ್ರಿಮಿನಾಶಕ ಹಾಕಿ, ಹೊರಗೆ ತೂಗುಹಾಕಿ ಒಣಗಿಸಿ. ಕೆಳಗಿನ ಸ್ಪಂಜಿಗೆ ಕೊಚ್ಚೆ ಹಿಡಿದಿದ್ದರೆ ಉಳಿಸಲು ಹೋಗಬೇಡಿ, ಹೊಸದು ಹಾಕಿಸಿ. ಕಾರಿನೊಳಗೆ ಫ್ಯಾನ್ ಇಡಿ. ಬಿಸಿಲಿಗೆ ನಿಲ್ಲಿಸುವುದಾದರೆ ಗಾಜು ಇಳಿಸಿರಲಿ. ಮುಚ್ಚಿದ ಕಾರಿನಲ್ಲಿ ಒದ್ದೆ ಹಬೆಯಾಗಿ ಮೇಲೆದ್ದು ತಣ್ಣಗಾದಾಗ ಮತ್ತೆ ಅಲ್ಲೇ ಇಳಿಯುತ್ತದೆ, ಅಷ್ಟೇ ಅಲ್ವಾ? ಎಂಜಿನ್ ಸರಿಯಾದ ಮೇಲೆ ಎಸಿ ಮತ್ತು ಹೀಟರ್ ಎರಡನ್ನೂ ಹಾಕಿ ಓಡಿಸಿದರೆ ಉಳಿದ ತೇವ ಬೇಗ ಹೋಗುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಎಸೆಯಿರಿ. ಪರಿಮಳದ ಸ್ಪ್ರೇ ಹೊಡೆಯಬೇಡಿ. ವಾಸನೆ ಇದೆ ಅಂದರೆ ಎಲ್ಲೋ ಒದ್ದೆ ಇದೆ, ಅದನ್ನು ಹುಡುಕಲು ಇರುವ ಒಂದೇ ಸುಳಿವು ಆ ವಾಸನೆ.

ವೈರು ಮತ್ತು ಪೆಟ್ಟಿಗೆಗಳು

ಕೆಲವು ಕಾರುಗಳಲ್ಲಿ ಮುಖ್ಯ ಕಂಟ್ರೋಲ್ ಪೆಟ್ಟಿಗೆಗಳು ಸೀಟಿನ ಕೆಳಗೆ, ಕಾಲಿಡುವ ಜಾಗದ ಪಕ್ಕ ಇರುತ್ತವೆ. ಎಲ್ಲಿವೆ ಎಂದು ಕೇಳಿ ತಿಳಿದುಕೊಳ್ಳಿ, ಕೆಸರಿನ ಗೆರೆ ಅವುಗಳಿಗಿಂತ ಮೇಲಿತ್ತಾ ನೋಡಿ. ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಗಾಳಿಯಲ್ಲಿ ಒಣಗಿಸಿ, ಕರೆಂಟ್ ಹರಿಯಬಿಡದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಮತ್ತೆ ಹಾಕಬೇಕು. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಒರೆಸಿ ಬಿಡಬೇಡಿ, ಪಿನ್ ಬದಲಿಸಲು ಹೇಳಿ. ಕಾರಿನ ಲೋಹದ ಮೈಗೆ ತಿರುಪು ಹಾಕಿ ಕೂರಿಸಿರುವ ಅರ್ಥಿಂಗ್ ವೈರುಗಳನ್ನು ಮರೆಯುವವರೇ ಜಾಸ್ತಿ. ಕಾರಣ ಸಿಗದೆ ಬಂದು ಹೋಗುವ ಎಷ್ಟೋ ದೋಷಗಳು ಅಲ್ಲಿಂದಲೇ ಹುಟ್ಟುತ್ತವೆ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ ಸಾಕು.

ಎಲ್ಲ ಒಣಗಿದ ಮೇಲೆಯೇ ಬ್ಯಾಟರಿ ಜೋಡಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ನೋಡಿಕೊಳ್ಳುವ ವ್ಯವಸ್ಥೆ) ಅಥವಾ ಏರ್‌ಬ್ಯಾಗ್ ದೀಪ ಆರದೆ ಉಳಿದರೆ ಸ್ಕ್ಯಾನರ್ ಹಾಕಿಸಿ. ದೀಪವನ್ನು ಅಳಿಸಿ ಕೊಡುವುದಲ್ಲ, ಕಾರಣ ಹುಡುಕಿ ಕೊಡಿ ಎಂದು ಕೇಳಿ.

ಉಪ್ಪುನೀರು ಮತ್ತು ಎಲೆಕ್ಟ್ರಿಕ್ ಕಾರು

ಸಮುದ್ರದ ನೀರು ಸೇರಿದ್ದರೆ ಲೆಕ್ಕವೇ ಬೇರೆ. ಉಪ್ಪು ಒಣಗಿದ ಮೇಲೂ ತೇವ ಎಳೆದುಕೊಂಡು ಲೋಹ ತಿನ್ನುತ್ತಲೇ ಇರುತ್ತದೆ. ಆ ದಿನವೇ ಸಿಹಿನೀರಿನಲ್ಲಿ ತಳವನ್ನೆಲ್ಲ ಚೆನ್ನಾಗಿ ತೊಳೆಯಬೇಕು. ಉಪ್ಪುನೀರು ಸೀಟಿನ ಮಟ್ಟಕ್ಕೆ ಬಂದಿದ್ದರೆ ಆ ಕಾರಿನ ಮೇಲೆ ದುಡ್ಡು ಸುರಿಯಬೇಡಿ ಎಂದೇ ನಾನು ಹೇಳುವುದು.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದು, ಚಾರ್ಜ್‌ಗೆ ಹಾಕಬಾರದು. ದೊಡ್ಡ ಬ್ಯಾಟರಿ ಪೆಟ್ಟಿಗೆಗೆ ಐಪಿ 67 ಗುರುತಿದ್ದರೆ ಅದರರ್ಥ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು, ರಾತ್ರಿಯಿಡೀ ಅಲ್ಲ. ಉಪ್ಪುನೀರಿನಲ್ಲಿ ಮುಳುಗಿದ ಬ್ಯಾಟರಿ ಕೆಲವು ದಿನ, ಕೆಲವು ವಾರ ಬಿಟ್ಟು ಹೊತ್ತಿಕೊಂಡ ಘಟನೆಗಳಿವೆ. ಮನೆ, ಬೇರೆ ವಾಹನಗಳಿಂದ 15 ಮೀಟರ್ ದೂರ ತೆರೆದ ಜಾಗದಲ್ಲಿ ನಿಲ್ಲಿಸಿ, ಕಂಪನಿಯ ತಂತ್ರಜ್ಞರನ್ನೇ ಕರೆಸಿ.

ಮುಂದಿನ ಮೂರು ತಿಂಗಳು

ಕೆಸರಿನ ಗೆರೆ ಡ್ಯಾಶ್‌ಬೋರ್ಡ್ ಮೇಲೆ ಇದ್ದರೆ ರಿಪೇರಿ ಒಪ್ಪಿಕೊಳ್ಳುವ ಮೊದಲು ಪೂರ್ತಿ ಅಂದಾಜು ಬರೆಸಿಕೊಳ್ಳಿ. ಕಾರಿನ ಬೆಲೆಯ ಹತ್ತಿರ ಬಂದರೆ ವಿಮೆಯವರು ಕಾರನ್ನೇ ತೆಗೆದುಕೊಂಡು ಹಣ ಕೊಡುವ ದಾರಿ ಇದೆಯೇ ಕೇಳಿ.

ಉಳಿಸಿಕೊಂಡ ಕಾರಾದರೆ ಸಣ್ಣ ನೋಟ್ ಬುಕ್ ಕಾರಿನಲ್ಲೇ ಇಡಿ. ಮೊದಲ 500 ಕಿಲೋಮೀಟರಿಗೆ ಎಂಜಿನ್ ಎಣ್ಣೆ ಮತ್ತೆ ನೋಡಿ. ಟಕ್ ಟಕ್ ಸದ್ದು, ಹೊಸದಾಗಿ ಶುರುವಾದ ಅದುರು, ಎಣ್ಣೆ ಕಡಿಮೆಯಾಗುವುದು ಇವು ಸ್ವಲ್ಪ ಬಾಗಿದ ರಾಡಿನ ಗುರುತುಗಳು, ತಡಮಾಡಬೇಡಿ. ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ನಿಧಾನಕ್ಕೆ ಕೈಕೊಡಬಹುದು. ತಿಂಗಳಿಗೊಮ್ಮೆ ಕಾರನ್ನು ಎತ್ತಿಸಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ, ಬೇರಿಂಗ್ ಸದ್ದು ಕೇಳಿ. ಕಿಟಕಿ, ಲಾಕ್, ದೀಪ ಯಾವುದಾದರೂ ಒಂದು ದಿನ ಕೆಲಸ ಮಾಡದೆ ಮಾರನೇ ದಿನ ಮಾಡಿದರೆ ದಿನಾಂಕ ಸಮೇತ ಬರೆದಿಡಿ. ಬರೆದದ್ದು ಇದ್ದರೆ ಮೆಕ್ಯಾನಿಕ್‌ಗೆ ಯಾವ ವೈರಿನಿಂದ ಶುರು ಮಾಡಬೇಕು ಎಂದು ಗೊತ್ತಾಗುತ್ತದೆ, ವಿಮೆಗೂ ಬೇಕಾಗುತ್ತದೆ.

ಆ ಹಳೆ ಪೇಪರಿನ ಪರೀಕ್ಷೆ ಮಾತ್ರ ವಾರಕ್ಕೊಮ್ಮೆ ಮಾಡಿ. ನಾಲ್ಕೂ ಮೂಲೆಯಲ್ಲಿ ಕಾರ್ಪೆಟ್ ಕೆಳಗೆ ತೂರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ತೆಗೆದು ಮುದುರಿ ನೋಡಿ. ಸರಸರ ಎಂದು ಸದ್ದು ಮಾಡಿದರೆ ಒಣಗಿದೆ. ನಮ್ಮ ಕಾರಿನಲ್ಲಿ ಆ ಸದ್ದು ಬರಲು ಏಳು ವಾರ ಬೇಕಾಯಿತು.